ಪಂಚಾಂಗ ನೋಡಿ ಹೊರಡಬೇಕಾದ ಕರಾವಳಿ

ಉತ್ತರ ಕನ್ನಡದ ಕರಾವಳಿ ನೋಡಲು ಹೊರಟವರು ಮೊದಲು ಪಂಚಾಂಗ ತೆಗೆಯಬೇಕು. ಮುಹೂರ್ತಕ್ಕಲ್ಲ, ಕಡಲ ನೀರು ಏರಿಳಿಯುವ ಭರತ–ಇಳಿತಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ದಿನ, ಹೊಳೆ ಕಡಲು ಸೇರುವ ಇಲ್ಲಿನ ಅಳಿವೆಗಳಲ್ಲಿ ಬೆಳಿಗ್ಗೆ ಸುಮಾರು 11ರ ಆಸುಪಾಸಿಗೆ ನೀರು ತುಂಬಿ ನಿಲ್ಲುತ್ತದೆ, ಸಂಜೆ 5ರ ಹೊತ್ತಿಗೆ ಪೂರಾ ಇಳಿದಿರುತ್ತದೆ. ಅಲ್ಲಿಂದ ಮುಂದೆ ತಿಥಿಗೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಸೇರಿಸುತ್ತ ಹೋದರಾಯಿತು. ಪಂಚಮಿಗೆ ಇಳಿತ ಬೆಳಿಗ್ಗೆ 9ರ ಸುಮಾರಿಗೆ, ಅಷ್ಟಮಿಗೆ 11 ದಾಟಿದ ಮೇಲೆ. ಗಡಿಯಾರದಷ್ಟು ಕರಾರುವಾಕ್ಕಲ್ಲ, ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಹೊಳೆಯೊಳಗೆ ಹೋದಷ್ಟೂ ತಡವಾಗುತ್ತದೆ, ದಿನದ ಎರಡು ಇಳಿತಗಳೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಆದರೆ ದೋಣಿ ಕಟ್ಟುವ ದಕ್ಕೆಯಲ್ಲಿ ನಿಂತ ಅಂಬಿಗರೂ ಮೀನುಗಾರ ಖಾರ್ವಿಗಳೂ ದಿನದ ಲೆಕ್ಕ ಹಾಕುವುದು ಹೀಗೆಯೇ. ಕೊಂಕಣಿ ಆಡುವವರ ಬಾಯಲ್ಲಿ ಅದು ಭರ್ತಿ–ಸುಕ್ತಿ. ಅಮಾವಾಸ್ಯೆ–ಹುಣ್ಣಿಮೆಗಳಲ್ಲಿ ನೀರಿನ ಏರಿಳಿತ ಒಂದೂವರೆಯಿಂದ ಎರಡು ಮೀಟರಿನಷ್ಟಿದ್ದರೆ, ಅಷ್ಟಮಿಯ ಹೊತ್ತಿಗೆ ಅದರ ಅರ್ಧದ ಹತ್ತಿರಕ್ಕೆ ಬರುತ್ತದೆ.

ಇದೇಕೆ ಬೇಕು ಎಂದರೆ, ಈ ಜಿಲ್ಲೆಯ ಚರಿತ್ರೆಯೆಲ್ಲ ಸಮುದ್ರದ ದಂಡೆಯಲ್ಲಿಲ್ಲ. ಹೊಳೆಯ ಬಾಯಿಯಿಂದ ಒಳಗೆ ಸರಿದು ಕೂತಿದೆ. ರಾಷ್ಟ್ರೀಯ ಹೆದ್ದಾರಿ 66 ಮಾಜಾಳಿಯಿಂದ ಭಟ್ಕಳದವರೆಗೆ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಕಾರಿನಲ್ಲಿ ಬಂದವರು ಕಾರವಾರದಲ್ಲಿ ಒಂದು ಬೀಚು, ಗೋಕರ್ಣದಲ್ಲಿ ಮೂರು ಬೀಚು, ಮುರ್ಡೇಶ್ವರದಲ್ಲಿ ಒಂದು ಪ್ರತಿಮೆ ನೋಡಿ, ಸೇತುವೆಗಳ ಮೇಲೆ ಕಿಟಕಿ ಇಳಿಸಿ ಒಂದೊಂದು ಫೋಟೋ ತೆಗೆದು ಮುಗಿಸುತ್ತಾರೆ. ಆ ಸೇತುವೆಗಳ ಕೆಳಗೆ ಹರಿಯುವುದೇ ಊರಿನ ಕತೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳದ ವೆಂಕಟಾಪುರ ಹೊಳೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂಬ ಐದು ಕರಾವಳಿ ತಾಲ್ಲೂಕುಗಳನ್ನು ರಸ್ತೆಯ ಹಾಗೆ ಉತ್ತರ–ದಕ್ಷಿಣವಾಗಿ ನೋಡದೆ, ಹೊಳೆಯ ಹಾಗೆ ಪೂರ್ವ–ಪಶ್ಚಿಮವಾಗಿ ನೋಡಿದರೆ ಮಾತ್ರ ಯಾವ ಕೋಟೆ ಎಲ್ಲಿದೆ, ಯಾಕಿದೆ ಎಂಬುದು ತಿಳಿಯುತ್ತದೆ.

ಹಾಯಿ ಹಡಗಿನ ಕಾಲದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಈ ದಂಡೆಯಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಮುಂಗಾರಿನ ಗಾಳಿ ನೇರ ಪಡುವಣದಿಂದ ಹೊಡೆಯುತ್ತದೆ, ಹೊಳೆ ತಂದ ಮರಳು ಅಳಿವೆ ಬಾಯಲ್ಲಿ ದಿಬ್ಬವಾಗಿ ಕೂರುತ್ತದೆ. ದೊಡ್ಡ ಹಡಗು ಹೊರಗೆ ಲಂಗರು ಹಾಕಬೇಕು. ಮಚ್ವೆ ಎಂಬ ಸಣ್ಣ ದೋಣಿಗಳು ಭರತದ ಜೊತೆ ಒಳಗೆ ಬಂದು, ಇಳಿತದ ಜೊತೆ ಹೊರಗೆ ಹೋಗಬೇಕು. ಮೇಲಿನ ಘಟ್ಟದಿಂದ ಕಾಳುಮೆಣಸು, ಅಡಿಕೆ, ಅಕ್ಕಿ ಹೇರೆತ್ತುಗಳ ಮೇಲೆ ಇಳಿಯುತ್ತಿದ್ದವು. ಭರತದ ನೀರು ಎಲ್ಲಿಯವರೆಗೆ ದೋಣಿಯನ್ನು ಹೊತ್ತು ತರುತ್ತದೋ, ಘಟ್ಟದ ದಾರಿ ಎಲ್ಲಿ ಸಮತಟ್ಟಿಗೆ ಬಂದು ಮುಟ್ಟುತ್ತದೋ, ಅವೆರಡೂ ಕೂಡಿದ ಕಡೆ ಪೇಟೆ. ಗೇರುಸೊಪ್ಪೆ ಹಾಗೆ ಹುಟ್ಟಿತು, ಮಿರ್ಜಾನ್ ಹಾಗೆ ಹುಟ್ಟಿತು, ಭಟ್ಕಳದ ಹಿಂದಿನ ಹಾಡುವಳ್ಳಿ ಹಾಗೆಯೇ. ಸಮುದ್ರದಲ್ಲಿ ಬರುವ ಶತ್ರುವಿಗೂ ಒಳಗಿರುವ ಊರು ಸುಲಭಕ್ಕೆ ಸಿಗುವುದಿಲ್ಲ, ಅದೂ ಒಂದು ಲಾಭ.

ಊರು ಹುಟ್ಟಿದ ಕಾರಣವೇ ಅದು ಸೋತ ಕಾರಣವೂ ಹೌದು. ಹುಬ್ಬಳ್ಳಿ–ಧಾರವಾಡದ ಕಡೆಯ ಹತ್ತಿ ಹತ್ತೊಂಬತ್ತನೇ ಶತಮಾನದಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟಾದ್ದೇ ಹೆಸರು. ಹತ್ತಿಯ ವ್ಯಾಪಾರಕ್ಕೆ ಕಾರವಾರ–ಸದಾಶಿವಗಡದ ಕಡೆ ಬಂದರು ಕಟ್ಟಬೇಕು ಎಂಬ ಒತ್ತಾಯದಲ್ಲೇ 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಒಂದೇ ಕೆನರಾದ ಎರಡು ತುಂಡುಗಳಲ್ಲಿ ಆಮೇಲೆ ಬೆಳೆದ ಕಚೇರಿಯ ಭಾಷೆ, ಶಾಲೆ, ಊಟದ ಅಭ್ಯಾಸಗಳ ವ್ಯತ್ಯಾಸಕ್ಕೆ ಈ ಗೆರೆಯೂ ಒಂದು ಕಾರಣ. ಬಂದರಿನ ಕನಸು ಮಾತ್ರ ಕೈಗೂಡಲಿಲ್ಲ. 1880ರ ದಶಕದಲ್ಲಿ ಮುರ್ಮುಗೋವಾದಿಂದ ಕ್ಯಾಸಲ್‌ರಾಕ್ ಮೂಲಕ ರೈಲು ಬಂದದ್ದೇ, ಬಯಲುಸೀಮೆಯ ಸರಕು ಆ ಕಡೆ ತಿರುಗಿತು. ಕುಮಟಾದ ದಕ್ಕೆಗಳಲ್ಲಿ ದನಿ ಅಡಗಿತು. ಇಲ್ಲಿಗೆ ರೈಲು ಬರಲು ಇನ್ನೂ ನೂರು ವರ್ಷ ಕಾಯಬೇಕಾಯಿತು. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ.

ದಕ್ಷಿಣದಿಂದ ಶುರುಮಾಡುವುದು ಒಳ್ಳೆಯದು. ಭಟ್ಕಳ ಎಂದರೆ ಹೊರಗಿನವರಿಗೆ ಪತ್ರಿಕೆಯ ತಲೆಬರಹ. ವಿಜಯನಗರಕ್ಕೆ ಅರಬ್ಬಿ ಕುದುರೆ ಇಳಿಯುತ್ತಿದ್ದ ಬಂದರು ಇದು. ಹೊಳೆ ಹೂಳು ತುಂಬಿ ಆ ಬಂದರು ಹೋಯಿತು, ವ್ಯಾಪಾರದ ಜನ ಉಳಿದರು. ಇಲ್ಲಿನ ಮುಸ್ಲಿಂ ವರ್ತಕ ಸಮುದಾಯವಾದ ನವಾಯತರ ಬೀದಿಗಳು, ‘ಚಿನ್ನದ ಪಳ್ಳಿ’ ಎಂದು ಕರೆಯುವ ಜಾಮಿಯಾ ಮಸೀದಿ, ಕೊಂಕಣಿಯ ಬಳಗಕ್ಕೆ ಸೇರಿದ ಅವರ ನವಾಯತಿ ಮಾತು, ಇವೆಲ್ಲ ಪೇಟೆಯ ಭಾಗ. ಶುಕ್ರವಾರ ಇಲ್ಲಿ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಬಿರಿಯಾನಿ, ಖರೀದಿ ಎಂದುಕೊಂಡು ಹೊರಟವರು ಬೇರೆ ದಿನ ಇಟ್ಟುಕೊಳ್ಳಲಿ.

ಭಟ್ಕಳದಲ್ಲಿ ಬಿಡಬಾರದ್ದು ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ. ಕೇತಪೈ ಎಂಬ ಕೊಂಕಣಿ ವರ್ತಕ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ್ದು. ಗೋಪುರ ಹುಡುಕಿದರೆ ನಿರಾಸೆ ಆಗುತ್ತದೆ, ಮಾಡನ್ನು, ಅಂದರೆ ಛಾವಣಿಯನ್ನು, ನೋಡಬೇಕು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ ಮನೆಯೋ ಗುಡಿಯೋ, ಮಾಡು ಇಳಿಜಾರಾಗಿಯೇ ಇರಬೇಕು. ಮರದಲ್ಲಿ ಕಟ್ಟುತ್ತಿದ್ದ ಆ ಮಾಡನ್ನು ಇಲ್ಲಿ ಕಲ್ಲಿನಲ್ಲಿ ಕಟ್ಟಿದ್ದಾರೆ. ಉದ್ದುದ್ದ ಚಪ್ಪಡಿಗಳನ್ನು ಓರೆಯಾಗಿ ಜೋಡಿಸಿ, ಎರಡು ಚಪ್ಪಡಿ ಕೂಡುವಲ್ಲಿ ನೀರು ಇಳಿಯದಂತೆ ಮೇಲೊಂದು ಸಪೂರ ಕಲ್ಲಿನ ಪಟ್ಟಿ ಹೊದಿಸಿದ್ದಾರೆ. ಗೋಡೆಯ ಕಡೆ ಬಂದರೆ ಮರದ ಸರಳುಗಳ ಹಾಗೆ ಸಾಲಾಗಿ ನಿಲ್ಲಿಸಿದ ಕಲ್ಲಿನ ಜಾಲಂಧ್ರ. ಕಲ್ಲಿಗೆ ಈ ಆಕಾರದ ಅಗತ್ಯವೇನೂ ಇಲ್ಲ. ಬಡಗಿಯ ಕೈ ಅಭ್ಯಾಸವನ್ನು ಶಿಲ್ಪಿ ಹಾಗೇ ನಕಲು ಮಾಡಿದ್ದಾನೆ. ಹೊರಗೋಡೆಯ ರಾಮಾಯಣದ ಕೆತ್ತನೆ ನೋಡಲು ಬೆಳಗಿನ ಓರೆ ಬಿಸಿಲು ಬೇಕು. ನಡುಮಧ್ಯಾಹ್ನ ಬಂದರೆ ಎಲ್ಲ ಸಪಾಟಾಗಿ ಕಾಣುತ್ತದೆ. ಇದೇ ಬಗೆಯ ಮಾಡು ಮೂಡಬಿದಿರೆಯ ಬಸದಿಗಳಲ್ಲೂ ಇದೆ, ಅದನ್ನು ನೋಡಿದವರಿಗೆ ನಂಟು ತಟ್ಟನೆ ಹೊಳೆಯುತ್ತದೆ.

ಸುತ್ತಮುತ್ತ ಅಡಕೆ ನಾರಾಯಣ, ಶಾಂತಪ್ಪ ನಾಯಕ ತಿರುಮಲ, ರಘುನಾಥ, ಪೇಟೆಯ ಕಡೆಗೆ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಎಲ್ಲವೂ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ತೋಟ, ಗದ್ದೆ, ಮನೆಗಳ ನಡುವೆ ಹರಡಿಕೊಂಡಿರುವುದರಿಂದ ಕಾರು ಒಂದು ಕಡೆ ನಿಲ್ಲಿಸಿ ನಡೆಯುವುದೇ ವಾಸಿ. ಕೆಲವಕ್ಕೆ ಬೀಗ ಇರುತ್ತದೆ. ಪಕ್ಕದ ಮನೆಯಲ್ಲಿ “ಅಮ್ಮಾ, ದೇವಸ್ಥಾನದ ಬೀಗ ಯಾರ ಹತ್ರ ಇರ್ತದೆ?” ಎಂದು ಕೇಳಿದರೆ ಕೆಲಸ ಆಗುತ್ತದೆ, ಬಾಗಿಲು ಅಲುಗಾಡಿಸುತ್ತ ನಿಂತರೆ ಆಗುವುದಿಲ್ಲ. ಇದಕ್ಕೆಲ್ಲ ಅರ್ಧ ದಿನ ಬೇಕು. ಅರ್ಧ ದಿನವನ್ನು ಮುರ್ಡೇಶ್ವರದ 123 ಅಡಿಯ ಶಿವನಿಗೆ ಕೊಟ್ಟು ಭಟ್ಕಳವನ್ನು ಹೆದ್ದಾರಿಯಲ್ಲೇ ದಾಟಿಬಿಡುವುದು ಎಲ್ಲರ ರೂಢಿ. ಅದನ್ನು ತಿರುಗಿಸಿ ನೋಡಿ. ಮುರ್ಡೇಶ್ವರಕ್ಕೆ ಒಂದು ಗಂಟೆ ಸಾಕು.

ಹೊನ್ನಾವರಕ್ಕೆ ಹದಿನಾಲ್ಕನೇ ಶತಮಾನದಲ್ಲಿ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕನಿಗೆ ಗೋವೆಯ ದಾರಿ ತೋರಿಸಿದ ತಿಮ್ಮಯ್ಯ ಇದೇ ಊರಿನ ಕಡಲಾಳು. ಊರಿನೊಳಗೆ ಆ ಕಾಲದ ಗುರುತು ಈಗ ಅಷ್ಟಾಗಿ ಕಾಣುವುದಿಲ್ಲ. ಕಾಣುವುದು ಕಡಲಿನಲ್ಲಿ, ಬಸವರಾಜದುರ್ಗ. ದ್ವೀಪದ ಸುತ್ತ ಚಿರೆಕಲ್ಲಿನ (ಜಂಬಿಟ್ಟಿಗೆಯ) ಕೋಟೆಗೋಡೆ, ಕೆಳದಿಯವರ ಕಾಲದ್ದು. ಅಲ್ಲಿಗೆ ದಿನನಿತ್ಯದ ದೋಣಿ ಸೇವೆ ಎಂದು ನಂಬಿ ಹೋಗಬಾರದು. ದಕ್ಕೆಯಲ್ಲಿ ಮಾತಾಡಿ, ಒಪ್ಪಿದ ದೋಣಿ ಗೊತ್ತುಮಾಡಿಕೊಳ್ಳಬೇಕು. ಡಿಸೆಂಬರಿನಿಂದ ಮಾರ್ಚ್ ವರೆಗೆ ಕಡಲು ಸಮಾಧಾನವಾಗಿರುತ್ತದೆ, ಅದೂ ಬೆಳಗಿನ ಹೊತ್ತು. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಹೋಗುವಾಗಿನ ಕಡಲೇ ಬರುವಾಗ ಬೇರೆ. ದ್ವೀಪದಲ್ಲಿ ಇಳಿಯುವುದು ಪಾಚಿಗಟ್ಟಿದ ಬಂಡೆಯ ಮೇಲೆ, ಅಲೆ ಹಿಂದಕ್ಕೆ ಸರಿದ ಕ್ಷಣದಲ್ಲಿ. ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬಾರದು, ಅಂಬಿಗ ಹೇಳಿದ್ದಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಬಾರದು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ದೋಣಿಯಲ್ಲಿ ಜನ ಹೆಚ್ಚಾಗಿದ್ದರು.

ಹೊನ್ನಾವರದಿಂದ ಶರಾವತಿಯ ಬದಿಯಲ್ಲೇ ಸಾಗರದ ರಸ್ತೆ ಹಿಡಿದರೆ ಸುಮಾರು 30 ಕಿ.ಮೀ. ಮೇಲೆ ಗೇರುಸೊಪ್ಪೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ಹಾದಿಯನ್ನು ದೋಣಿಯಲ್ಲಿ ಕ್ರಮಿಸಿದ್ದ, ಅವನು ನೋಡುವಷ್ಟರಲ್ಲಿ ಊರು ಆಗಲೇ ಹಾಳುಬಿದ್ದಿತ್ತು. 1552ರಿಂದ 1606ರವರೆಗೆ, 54 ವರ್ಷ, ಇಲ್ಲಿಂದ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನ ಸೆರೆಯಲ್ಲಿ ತೀರಿಕೊಂಡಳು. ಅಣೆಕಟ್ಟಿನ ಕೆಳಗೆ ಹೊಳೆ ದಾಟಿ ಆಚೆ ದಡದ ಕಾಡಿನ ರಸ್ತೆಯಲ್ಲಿ ಹೋದರೆ ನಗರಬಸ್ತಿಕೇರಿ; ಹೆಸರಿನಲ್ಲೇ ನಗರವೂ ಇದೆ, ಬಸ್ತಿಯೂ ಇದೆ. ಈಗ ಇರುವುದು ಕಾಡು. ಅದರ ನಡುವೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ನಾಲ್ಕು ಜಿನಬಿಂಬಗಳು. ಯಾವ ಬಾಗಿಲಲ್ಲಿ ಹೋದರೂ ಎದುರಿಗೊಬ್ಬ ತೀರ್ಥಂಕರ. ಇಲ್ಲಿ ಅಂಗಡಿಯಿಲ್ಲ, ಫೋನಿನ ಸಿಗ್ನಲ್ ನೆಚ್ಚುವಂತಿಲ್ಲ. ಕುಡಿಯುವ ನೀರು ಕೈಯಲ್ಲಿರಲಿ. ಮಳೆಗಾಲದಲ್ಲಿ ಇಂಬಳಕ್ಕೆ (ಜಿಗಣೆಗೆ) ಉಪ್ಪು ಅಥವಾ ಸುಣ್ಣ–ತಂಬಾಕಿನ ಪುಡಿ. ಸಂಜೆ 4ರ ಮೇಲೆ ಹೊರಡಬೇಡಿ, ಕಾಡಿನೊಳಗೆ ಬೇಗ ಕತ್ತಲಾಗುತ್ತದೆ.

ಉತ್ತರದ ತುದಿಯನ್ನು ಇಲ್ಲೇ ಮುಗಿಸಿಬಿಡಬಹುದು. ಕಾರವಾರ ಚೆಂದದ ಊರು. ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದಾಗ ಬಂದುಳಿದಿದ್ದ ಯುವಕ ರವೀಂದ್ರನಾಥ ಟಾಗೋರರು ಒಂದು ನಾಟಕವನ್ನೇ ಬರೆದದ್ದು ಇಲ್ಲಿ, ಕಡಲತೀರಕ್ಕೆ ಅವರದೇ ಹೆಸರು. ಆದರೆ ಚರಿತ್ರೆ ನೋಡಬಂದವರಿಗೆ ಕೈಗೆ ಸಿಗುವುದು ಕಡಿಮೆ. 1638ರಲ್ಲಿ ಇಂಗ್ಲಿಷರು ಮೆಣಸು, ಮಸ್ಲಿನ್ ಬಟ್ಟೆಗಾಗಿ ತೆರೆದ ವ್ಯಾಪಾರದ ಕೋಠಿಯ ಜಾಗ ಕಾಳಿಯ ದಂಡೆಯ ಕಡವಾಡದ ಕಡೆ. ಸದಾಶಿವಗಡದ ಗುಡ್ಡವನ್ನು ಹೆದ್ದಾರಿಯೇ ಸೀಳಿದೆ. ಅಂಜದೀವ ದ್ವೀಪ ಜನಸಾಮಾನ್ಯರಿಗಿಲ್ಲ. ಅರ್ಗಾ, ಬಿಣಗಾದ ಕಡೆ ನೌಕಾನೆಲೆಯ ಸರಹದ್ದಿನಲ್ಲಿ ಕ್ಯಾಮೆರಾ ಎತ್ತಿದರೆ ತೊಂದರೆ ತಪ್ಪಿದ್ದಲ್ಲ. ಕಾಳಿಯ ಹಳೆ ಸೇತುವೆ 2024ರ ಆಗಸ್ಟ್ 6–7ರ ನಡುರಾತ್ರಿ ಕುಸಿದುಬಿತ್ತು.

ಅದಕ್ಕೆ ಮೂರು ವಾರ ಮುಂಚೆ, ಜುಲೈ 16ಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನೇ ಗಂಗಾವಳಿಗೆ ತಳ್ಳಿತು. ಆಮೇಲಿಂದ ಮಳೆಗಾಲದ ಪ್ರವಾಸದ ಮಾತು ಆಡುವಾಗ ಇಲ್ಲಿನವರ ದನಿ ಬದಲಾಗಿದೆ. ಮೇಲೆ ಚಿರೆಕಲ್ಲಿನ ಗಟ್ಟಿ ಪದರ, ಕೆಳಗೆ ನೀರು ಕುಡಿದರೆ ಬೆಣ್ಣೆಯಾಗುವ ಜೇಡಿ. ರಸ್ತೆ ಅಗಲ ಮಾಡಲು ಬುಡವನ್ನು ನೆಟ್ಟಗೆ ಕಡಿದರೆ ಮೇಲಿನದಕ್ಕೆ ಆಸರೆಯಿಲ್ಲ. ಎರಡು–ಮೂರು ದಿನ ಬಿಡದೆ ಸುರಿದ ಮೇಲೆ ಅಪಾಯ ಹೆಚ್ಚು. ರೆಡ್ ಅಲರ್ಟ್ ಇದ್ದ ದಿನ ಕಡಿದ ಗುಡ್ಡದ ಕೆಳಗೆ ಚಹಾಕ್ಕೆಂದು ಗಾಡಿ ನಿಲ್ಲಿಸಬೇಡಿ. ದೇವಿಮನೆ, ಅರಬೈಲ್ ಘಟ್ಟಗಳು ತೆರೆದಿವೆಯೇ ಎಂದು ಹೊರಡುವ ದಿನ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ, ಹಿಂದಿನ ವಾರದ ಸುದ್ದಿ ಸಾಲದು.

ಹೊತ್ತು ಯಾವುದು ಎಂದರೆ ನವೆಂಬರಿನಿಂದ ಫೆಬ್ರವರಿ. ಕೋಟೆಗೋಡೆಗಳಿಗೆ ಹಸಿರು ಬೇಕೆನ್ನುವವರು ಸೆಪ್ಟೆಂಬರ್ ಕೊನೆಗೆ ಬರಲಿ. ಮೀನಿನ ಆಸೆ ಇದ್ದವರು ನೆನಪಿಡಬೇಕಾದ್ದು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ. ಆಗ ತಟ್ಟೆಗೆ ಬರುವ ಇಸ್ವಾಣ ಮೀನು ಐಸಿನಲ್ಲಿ ಎಲ್ಲಿಂದಲೋ ಬಂದದ್ದು. ಹೊಳೆಮೀನು, ಶೆಟ್ಲಿ (ಸಿಗಡಿ) ಕೇಳುವುದು ಮೇಲು. ಏಪ್ರಿಲ್–ಮೇ ಬಿಸಿಲಿಗೆ ಹೆದರದವರಿಗೆ ಬೇರೆ ಉಡುಗೊರೆ ಇದೆ. ಕುಮಟಾದ ಅಳ್ವೇಕೋಡಿ, ಹಂದಿಗೋಣ ಕಡೆ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ, ಅಂಕೋಲಾದಲ್ಲಿ ಕರಿ ಇಶಾಡು ಮಾವು ಬರುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು; ಸಿಪ್ಪೆ ತೀರಾ ತೆಳು, ಬೆಂಗಳೂರಿಗೆ ಒಯ್ಯುತ್ತೇವೆಂದು ಬುಟ್ಟಿಗಟ್ಟಲೆ ಕೊಂಡರೆ ದಾರಿಯಲ್ಲೇ ರಸವಾಗುತ್ತದೆ. ಅಲ್ಲೇ ತಿಂದು ಮುಗಿಸಬೇಕು.

ಬೆಂಗಳೂರಿನಿಂದ ರಾತ್ರಿಯ ಪಂಚಗಂಗಾ ರೈಲು ಬೆಳಿಗ್ಗೆ ಇಲ್ಲಿಗೆ ತರುತ್ತದೆ. ಹೊನ್ನಾವರದ ಬಳಿ ಶರಾವತಿಯ ಮೇಲೆ ಅದು ದಾಟುವ ಸೇತುವೆ ಎರಡು ಕಿ.ಮೀ. ದಾಟಿದ್ದು, ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ಆ ಹೊತ್ತಿಗೆ ನಿದ್ದೆ ಮಾಡಿರಬಾರದು. ಉಳಿಯಲು ಕುಮಟಾ ಹಿಡಿದರೆ ಅನುಕೂಲ: ಹೊನ್ನಾವರ 20 ಕಿ.ಮೀ., ಅಂಕೋಲಾ 35, ಮಿರ್ಜಾನ್ 11. ನಾಲ್ಕು ದಿನ ಇಟ್ಟುಕೊಂಡು, ಅದರಲ್ಲಿ ಎರಡು ದಿನ ಅಘನಾಶಿನಿಗೆ ಮೀಸಲಿಡಿ. ಬಾಡಿಗೆಯ ಸ್ಕೂಟರ್ ಸಿಕ್ಕರೆ ಕಾರಿಗಿಂತ ಅದೇ ಲೇಸು, ಯಾಕೆಂದು ಕೊನೆಗೆ ತಿಳಿಯುತ್ತದೆ.

ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಒಂದು ಕಿ.ಮೀ. ಒಳಗೂ ಇಲ್ಲ. ಚಿರೆಕಲ್ಲಿನ ಜೋಡಿ ಗೋಡೆ, ದುಂಡು ಬುರುಜುಗಳು, ಸುತ್ತ ಕಂದಕ, ಒಳಗೆ ದೊಡ್ಡ ಬಾವಿಗಳು. ಎಲ್ಲವನ್ನೂ ಚೆನ್ನಭೈರಾದೇವಿಯೇ ಕಟ್ಟಿಸಿದಳೆಂದು ಹೇಳಿಬಿಡುವುದು ಸುಲಭ, ಆದರೆ ಬಿಜಾಪುರದವರೂ ಕೆಳದಿಯವರೂ ಕೈಯಾಡಿಸಿದ ಕೋಟೆ ಇದು. 2000–01ರ ಉತ್ಖನನದಲ್ಲಿ 1652ರ ಪೋರ್ಚುಗೀಸ್ ಚಿನ್ನದ ನಾಣ್ಯ, ಕಬ್ಬಿಣದ ಗುಂಡುಗಳು, ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ಮೆಣಸು ಹೊರಗೆ ಹೋದ ದಾರಿಯಲ್ಲೇ ಚೀನದ ತಟ್ಟೆ ಒಳಗೆ ಬಂದಿದೆ. ಚಿರೆಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ–ಬಿಸಿಲಿಗೆ ಗಟ್ಟಿಯಾಗುವ ಕಲ್ಲು. ಮೈತುಂಬ ತೂತು, ಆ ತೂತುಗಳಲ್ಲಿ ನೀರು ನಿಂತು ಜರಿಗಿಡ, ಪಾಚಿ ಹಬ್ಬುತ್ತವೆ. ಕೋಟೆ ಹಸಿರು ಕಂಬಳಿ ಹೊದ್ದಂತೆ ಕಾಣುವುದೂ, ಬುರುಜಿನ ಮೆಟ್ಟಿಲಲ್ಲಿ ಕಾಲು ಜಾರುವುದೂ ಒಂದೇ ಕಾರಣಕ್ಕೆ. ಒಳಗೆ ನೆರಳಿಲ್ಲ, ಬೆಳಿಗ್ಗೆ ಬೇಗ ಅಥವಾ 4ರ ಮೇಲೆ ಹೋಗಿ ಒಂದೂವರೆ ಗಂಟೆ ಸುತ್ತಿ. ಬಹಳ ಜನ ಇಲ್ಲಿಂದ ಹಾಗೇ ಹೆದ್ದಾರಿಗೆ ಮರಳುತ್ತಾರೆ. ಕೋಟೆಗೆ ಬೆನ್ನು ಹಾಕಿ ಹೊಳೆಯ ಕಡೆ ಇಳಿದು ಹೋಗಿ ನೋಡದಿದ್ದರೆ, ಈ ಕೋಟೆ ಇಲ್ಲಿ ಏನನ್ನು ಕಾಯುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಇಡೀ ಕರಾವಳಿಯಲ್ಲಿ ಈ ಹೊಳೆಯನ್ನು ಬೇರೆಯಾಗಿಸುವುದು ಅದೇ. ಕಾಳಿ, ಶರಾವತಿಗಳಲ್ಲಿ ವಿದ್ಯುತ್ ಉತ್ಪಾದಿಸಿದ ಸಿಹಿನೀರು ವರ್ಷಪೂರ್ತಿ ಇಳಿಯುವುದರಿಂದ ಅಳಿವೆಯ ಉಪ್ಪು ತೆಳುವಾಗುತ್ತದೆ, ಉಪ್ಪು ಬೇಕಾದ ಚಿಪ್ಪಿನ ಜೀವಿಗಳು ಕಡಿಮೆಯಾಗುತ್ತವೆ. ಅಘನಾಶಿನಿಯಲ್ಲಿ ಮಳೆಗಾಲ ಮುಗಿದ ಮೇಲೆ ಸಮುದ್ರದ ನೀರು ಮಿರ್ಜಾನ್ ದಾಟಿ ಒಳಗೆ ಬರುತ್ತದೆ. ಅದಕ್ಕೇ ಇಲ್ಲಿ ಬಳಚು, ಕಲಗ ಎಂಬ ಚಿಪ್ಪಿನ ಜೀವಿಗಳು, ಏಡಿ, ಶೆಟ್ಲಿ ಇಷ್ಟು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು.

ಬಳಚು ಆರಿಸುವುದನ್ನು ನೋಡಲು ಅಮಾವಾಸ್ಯೆ–ಹುಣ್ಣಿಮೆಯ ಆಚೀಚಿನ ಎರಡು–ಮೂರು ದಿನವೇ ಸರಿ. ಇಳಿತ ತುಂಬ ಆಗುವುದರಿಂದ ಹೊಳೆಯ ನಡುವಿನ ಮರಳು ದಿಬ್ಬಗಳು ಮೇಲೆ ಬರುತ್ತವೆ. ಹೆಂಗಸರು, ಗಂಡಸರು ಪಾತಿ ದೋಣಿಯಲ್ಲಿ ಹೋಗಿ, ಸೊಂಟಮಟ್ಟ ನೀರಿನಲ್ಲಿ ನಿಂತು, ಮೊದಲು ಕಾಲಿನಿಂದ ಮುಟ್ಟಿ ನೋಡಿ ಆಮೇಲೆ ಕೈ ಹಾಕುತ್ತಾರೆ. ಎರಡು–ಮೂರು ಗಂಟೆಯ ಕೆಲಸ. ಭರತ ತಿರುಗಿದ ಕೂಡಲೇ ಎಲ್ಲರೂ ಎದ್ದುಬಿಡುತ್ತಾರೆ. ದಿಬ್ಬದ ಮೇಲೆ ನಿಂತು ಫೋಟೋ ತೆಗೆಯುವವರು ಅವರ ಜೊತೆಗೇ ಎದ್ದುಬರಬೇಕು, ನೀರು ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ಕೊಂಡುಕೊಂಡರೆ ಒಂದೆರಡು ಗಂಟೆ ಉಪ್ಪುನೀರಿನಲ್ಲೇ ಬಿಡಿ, ಒಳಗಿನ ಮರಳು ಉಗುಳುತ್ತವೆ. ಬೇಯಿಸುವ ಮುಂಚೆಯೇ ಬಾಯಿ ತೆರೆದು, ತಟ್ಟಿದರೂ ಮುಚ್ಚದವು ಸತ್ತವು. ಬೆಂದ ಮೇಲೂ ಬಾಯಿ ಬಿಡದವನ್ನೂ ಎಸೆಯಬೇಕು. ಬೆಂದ ನೀರನ್ನು ಚೆಲ್ಲಬಾರದು, ರುಚಿಯೆಲ್ಲ ಅದರಲ್ಲೇ. ಸಾರಿಗೆ ಉಪ್ಪು ಹಾಕುವ ಮುನ್ನ ಒಮ್ಮೆ ನಾಲಿಗೆಗೆ ಹಚ್ಚಿ ನೋಡಿ.

ಹೊಳೆಯ ಬದಿಗೆ ಏರಿ ಕಟ್ಟಿದ ವಿಸ್ತಾರದ ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಮಾಣಿಕಟ್ಟಾದ ಕಡೆ ನೋಡಬಹುದು. ಸಮುದ್ರದ ನೀರು ನುಗ್ಗುವ ಜಾಗದಲ್ಲಿ ಭತ್ತ ಬೆಳೆಯುವುದೆಂದರೆ ಕೇಳಿದವರು ನಗುತ್ತಾರೆ, ಆದರೆ ಕಗ್ಗ ಎಂಬ ತಳಿ ಅದಕ್ಕೇ ಹುಟ್ಟಿದ್ದು. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆಯುತ್ತದೆ. ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಆಮೇಲೆ ನೆರೆ ಬಂದು ಕೆಲವು ದಿನ ಮುಳುಗಿದರೂ, ತುಸು ಉಪ್ಪುನೀರು ಹೊಕ್ಕರೂ ಕಗ್ಗ ಸಾಯುವುದಿಲ್ಲ. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದ ಗೋಡುಮಣ್ಣೇ ಗೊಬ್ಬರ. ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಕೊಯ್ದ ಮೇಲೆ ತೂಬಿನ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಟ್ಟುಕೊಂಡರೆ ಮೀನು, ಶೆಟ್ಲಿ ಮರಿ ತಾವಾಗಿ ಬಂದು, ಉಳಿದ ಕೂಳೆಯಲ್ಲಿ ಬೆಳೆಯುತ್ತವೆ. ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ಗದ್ದೆ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಇದೆಲ್ಲ ನಿಂತಿರುವುದು ಏರಿಯ ಮೇಲೆ. ಏಡಿ ತೋಡಿದ ಒಂದು ಬಿಲ ಹುಣ್ಣಿಮೆಯ ಭರತದಲ್ಲಿ ಹಿರಿದಾಗಿ ಏರಿ ಒಡೆದರೆ ಒಬ್ಬನ ಗದ್ದೆಯಲ್ಲ, ಇಡೀ ಗಜನಿ ಹೋಗುತ್ತದೆ. ಅದಕ್ಕೇ ಊರೆಲ್ಲ ಸೇರಿ ಕಾಯಬೇಕಿತ್ತು. 1990ರ ದಶಕದಲ್ಲಿ ಸಿಗಡಿ ಸಾಕಣೆಗೆ ಗಜನಿಗಳನ್ನು ಗುತ್ತಿಗೆಗೆ ಕೊಟ್ಟಾಗ ವರ್ಷಪೂರ್ತಿ ಉಪ್ಪುನೀರು ನಿಂತಿತು, ಭತ್ತ ಹೋಯಿತು. ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು. ಈಗ ಕಗ್ಗ ಬೆಳೆಯುವವರು ಕೆಲವೇ ಜನ. ಅಕ್ಕಿ ಸಿಕ್ಕರೆ ಗಂಜಿ ಮಾಡಿ ನೋಡಿ, ಕೆಂಪು, ದಪ್ಪ, ಬೇಯಲು ಹೊತ್ತು ಬೇಕು. ಏರಿಯ ಮೇಲೆ ನಡೆಯುವಾಗ ನಡುವೆಯೇ ನಡೆಯಿರಿ, ಅಂಚು ಮೆಟ್ಟಿದರೆ ಮಣ್ಣು ಜಾರುತ್ತದೆ. ಅದನ್ನು ಕಟ್ಟುವ ಶ್ರಮ ಬೇರೆಯವರದ್ದು.

ಹೊಳೆಯ ಉತ್ತರ ದಡಕ್ಕೆ, ಗೋಕರ್ಣದ ದಾರಿಯಲ್ಲಿ, ಸಾಣಿಕಟ್ಟಾದ ಉಪ್ಪಿನ ಆಗರ. ಜನವರಿಯಿಂದ ಮೇ ವರೆಗೆ ಕೆಲಸ. ದೊಡ್ಡ ಭರತದಲ್ಲಿ ನೀರು ಒಳಗೆ ತೆಗೆದುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಸಮುದ್ರದ ನೀರಿನಲ್ಲಿ ಉಪ್ಪು ನೂರಕ್ಕೆ ಮೂರೂವರೆ ಪಾಲು. ನೀರು ಸರಿಸುಮಾರು ಹತ್ತನೇ ಒಂದಂಶಕ್ಕೆ ಇಳಿದಾಗ ಹರಳು ಕೂರತೊಡಗುತ್ತದೆ. ಪೂರ್ತಿ ಒಣಗಿಸಬಾರದು, ಕೊನೆಯ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು ಉಳಿದಿರುತ್ತವೆ, ಉಪ್ಪು ಕಹಿಯಾಗುತ್ತದೆ. ಮಡಿಯ ತಳವನ್ನು ಜೇಡಿಮಣ್ಣು ತುಳಿದು ಗಟ್ಟಿ ಮಾಡಿರುತ್ತಾರೆ, ಆ ಮಣ್ಣಿನ ಛಾಯೆ ಹರಳಿಗೂ ಬರುತ್ತದೆ. ಬಿಳಿ ಪುಡಿ ಉಪ್ಪಿನ ಕಣ್ಣಿಗೆ ಇದು ಕೊಳೆ ಎನ್ನಿಸಬಹುದು, ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಇದೇ ಬೇಕು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು ಅಕಾಲದ ಮಳೆ ಬಿದ್ದರೆ ವಾರಗಟ್ಟಲೆಯ ಕೆಲಸ ನೀರು. ಇದನ್ನು ನೋಡಿಕೊಂಡು ಅಂಕೋಲಾಕ್ಕೆ ಹೋದರೆ 1930ರ ಉಪ್ಪಿನ ಸತ್ಯಾಗ್ರಹದ ನೆಲ. ಕರನಿರಾಕರಣೆಗೆ ಮನೆ–ಗದ್ದೆ ಕಳೆದುಕೊಂಡವರಿಂದ ಗುಜರಾತಿನ ಕರನಿರಾಕರಣೆಯ ಊರಿನ ನೆನಪಿಗೆ ಅದಕ್ಕೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂತು. ಬ್ರಿಟಿಷರ ಉಪ್ಪಿನ ಕಾನೂನನ್ನು ಈ ಜನ ಯಾಕೆ ಮೈಮೇಲಿನ ಬರೆಯಂತೆ ಕಂಡರು ಎನ್ನುವುದು ಆಗರದಲ್ಲಿ ಕಾಲಿಟ್ಟು ಬಂದವರಿಗೆ ಬೇಗ ಅರ್ಥವಾಗುತ್ತದೆ.

ಗೋಕರ್ಣದಲ್ಲಿ ಮಹಾಬಲೇಶ್ವರ, ಕೋಟಿತೀರ್ಥ, ಓಂ ಬೀಚು ಎಲ್ಲರಿಗೂ ಗೊತ್ತಿರುವುದೇ. ಈಜುವವರಿಗೆ ಒಂದು ಮಾತು ಮಾತ್ರ: ಅಳಿವೆ ಬಾಯಿಯ ಹತ್ತಿರ, ಬಂಡೆಗಳ ಪಕ್ಕ, ಇಳಿತದ ಹೊತ್ತಿನಲ್ಲಿ ನೀರಿಗೆ ಇಳಿಯಬೇಡಿ. ಸೆಳೆತ ಅಲ್ಲಿಯೇ ಹೆಚ್ಚು.

ಗೋಕರ್ಣದಿಂದ ಕುಮಟಾಕ್ಕೆ ಮರಳುವಾಗ ಹೆದ್ದಾರಿ ಹಿಡಿಯಬೇಡಿ. ತದಡಿಯ ದಕ್ಕೆಗೆ ಬನ್ನಿ. ಅಲ್ಲಿಂದ ಆಚೆ ದಡದ ಅಘನಾಶಿನಿ ಊರಿಗೆ ತಾರಿ (ಹೊಳೆ ದಾಟಿಸುವ ದೋಣಿ) ಇದೆ, ಜನರ ಜೊತೆ ದ್ವಿಚಕ್ರ ವಾಹನವನ್ನೂ ಹತ್ತಿಸಿಕೊಳ್ಳುತ್ತಾರೆ. ಕಾರಿಗೆ ಜಾಗವಿಲ್ಲ. ಹತ್ತು–ಹದಿನೈದು ನಿಮಿಷದ ದಾಟು. ಎಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಬಲಕ್ಕೆ ಮರಳುದಿಬ್ಬದ ಮೇಲೆ ಮುರಿಯುವ ಅಲೆ. ಮಚ್ವೆಗಳು ಯಾವ ಸಂದಿಯಲ್ಲಿ ಭರತ ಕಾದು ಒಳಗೆ ನುಗ್ಗುತ್ತಿದ್ದವು ಎಂಬುದು ಕಣ್ಣಿಗೇ ಕಾಣುತ್ತದೆ. ಸ್ಕೂಟರನ್ನು ಗೇರಿನಲ್ಲಿಟ್ಟು, ಸ್ಟ್ಯಾಂಡ್ ಹಾಕಿ, ಕೈ ಬಿಡದೆ ಪಕ್ಕದಲ್ಲೇ ನಿಲ್ಲಿ. ಗೇರಿಲ್ಲದ್ದಾದರೆ ಬ್ರೇಕು ಒತ್ತಿ ಹಿಡಿದಿರಿ. ಇಳಿತದಲ್ಲಿ ದೋಣಿ ದಕ್ಕೆಗಿಂತ ತಗ್ಗಿನಲ್ಲಿ ನಿಲ್ಲುವುದರಿಂದ ಹತ್ತಿಸುವಾಗ ಇಬ್ಬರು ಬೇಕು. ಹೋಗುವಾಗಲೇ “ಕಡೇ ದೋಣಿ ಎಷ್ಟೊತ್ತಿಗೆ?” ಎಂದು ದಕ್ಕೆಯಲ್ಲಿ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಮಾದನಗೇರಿ, ಮಿರ್ಜಾನ್, ಕುಮಟಾ ಸುತ್ತಿಕೊಂಡು ನಲವತ್ತಕ್ಕೂ ಮಿಕ್ಕಿದ ಕಿಲೋಮೀಟರು, ಎದುರಿನ ದಡದ ದೀಪ ಕಾಣುತ್ತಿದ್ದರೂ.